ಕಾನೂನು ಪ್ರಶ್ನೋತ್ತರ: ಗ್ಯಾರೇಜಿನವರ ಅಲಕ್ಷ್ಯದಿಂದ ಕೆಟ್ಟ ಕಾರಿಗೆ ಪರಿಹಾರ ಕೇಳುವುದೆಲ್ಲಿ?

ಪ್ರಶ್ನೆ: ಮಾನ್ಯರೇ, ನಾನು ಹುಬ್ಬಳ್ಳಿಯ ಉಣಕಲ್ಲಿನಲ್ಲಿ ವಾಸಿಸುವ ನಿವೃತ್ತ ಶಿಕ್ಷಕ. ನಮ್ಮ ಮನೆಯ ಹಳೆಯ ಡೀಸೆಲ್ ಕಾರನ್ನು ಗೋಕುಲ ರಸ್ತೆಯ ಕಡೆಯ ಒಂದು ಗ್ಯಾರೇಜಿನಲ್ಲಿ ಸರ್ವಿಸಿಗೆ ಬಿಟ್ಟಿದ್ದೆ. ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ 4,800 ರೂಪಾಯಿ ತೆಗೆದುಕೊಂಡರು. ಬಿಲ್ ಕೊಡಲಿಲ್ಲ, ಹಣವನ್ನು ಮೊಬೈಲಿನಿಂದಲೇ ಕಳಿಸಿದ್ದೇನೆ. ಮೂರನೆಯ ದಿನ ಗದಗಕ್ಕೆ ಹೊರಟಾಗ ಅಣ್ಣಿಗೇರಿ ಮುಟ್ಟುವ ಮೊದಲೇ ಆಯಿಲ್ ದೀಪ ಹತ್ತಿಕೊಂಡಿತು. ಗಾಡಿಯನ್ನು ರಸ್ತೆ ಬದಿಗೆ ತರುವಷ್ಟರಲ್ಲಿ ಇಂಜಿನ್ ಜಾಮ್ ಆಗಿ ನಿಂತಿತು. ಬಗ್ಗಿ ನೋಡಿದರೆ ಇಂಜಿನ್ನಿನ ಕೆಳಗಿನ ಆಯಿಲ್ ಚೇಂಬರಿನ ನಟ್ ಇರಲೇ ಇಲ್ಲ, ಆಯಿಲ್ ಪೂರ್ತಿ ಸೋರಿಹೋಗಿತ್ತು. ಕಂಪನಿಯ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋಗಿದ್ದೇವೆ. ಅವರು ಇನ್ನೂ ಇಂಜಿನ್ ಬಿಚ್ಚಿಲ್ಲ. 92,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟಿದ್ದಾರೆ. ಗ್ಯಾರೇಜಿನವರನ್ನು ಕೇಳಿದರೆ, “ಗಾಡಿ ಹಳೇದೈತ್ರಿ ಸರ, ದಾರ್ಯಾಗ ಕಲ್ಲು ಬಡದು ನಟ್ ಬಿದ್ದಿರಬೇಕು, ನಮ್ಮ ಕಡೆಯಿಂದ ಏನೂ ಆಗಿಲ್ಲ” ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗ, ಅಲ್ಲಿಯಂತೆ ‘ಸ್ಮಾಲ್ ಕ್ಲೇಮ್ಸ್ ಕೋರ್ಟ್’ಗೆ ಹೋಗಿರಿ ಎನ್ನುತ್ತಾನೆ. ನಮ್ಮಲ್ಲಿ ಅಂಥದ್ದು ಇದೆಯೇ? ವಕೀಲರ ಶುಲ್ಕವೇ ಪರಿಹಾರದ ಹಣವನ್ನು ನುಂಗಿಬಿಟ್ಟರೆ ಏನು ಗತಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ಒಂದು ತುರ್ತಿನ ಮಾತು. ಇಂಜಿನ್ ಬಿಚ್ಚಲು ಇನ್ನೂ ಒಪ್ಪಿಗೆ ಕೊಡಬೇಡಿರಿ. ನಿಮ್ಮ ಪ್ರಕರಣದ ಬಹುಭಾಗ ತೀರ್ಮಾನವಾಗುವುದು ಗ್ರಾಹಕರ ಆಯೋಗದ ಸಭಾಂಗಣದಲ್ಲಲ್ಲ, ಆ ಕಾರಿನ ಕೆಳಭಾಗದಲ್ಲಿ. ಬಿಚ್ಚಿ, ತೊಳೆದು, ಹೊಸ ನಟ್ ಹಾಕಿಬಿಟ್ಟರೆ ನಿಮ್ಮ ಮುಖ್ಯ ಸಾಕ್ಷಿಯನ್ನು ನೀವೇ ಅಳಿಸಿದಂತಾಗುತ್ತದೆ.

ನಿಮ್ಮ ಮಗ ಹೇಳುವ ನ್ಯಾಯಾಲಯ ಅಮೆರಿಕದ ರಾಜ್ಯಗಳಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ವ್ಯಕ್ತಿಯೊಬ್ಬರು 12,500 ಡಾಲರಿನವರೆಗಿನ ಹಕ್ಕನ್ನು ಅಲ್ಲಿ ಕೇಳಬಹುದು, ವಿಚಾರಣೆಯಲ್ಲಿ ಸಾಮಾನ್ಯವಾಗಿ ವಕೀಲರಿಗೆ ಪ್ರವೇಶವಿಲ್ಲ. ನಮ್ಮಲ್ಲಿ ಇಂತಹ ವ್ಯಾಜ್ಯಕ್ಕೆ ಇರುವ ದಾರಿ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಅಡಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಿಗೆ ಒಂದೊಂದು ಆಯೋಗವಿದೆ. ಹಣ ಕೊಟ್ಟು ಮಾಡಿಸಿಕೊಂಡ ರಿಪೇರಿ ಈ ಕಾಯ್ದೆಯ ಪ್ರಕಾರ ‘ಸೇವೆ’. ಆ ಕೆಲಸದಲ್ಲಿ ಇರಬೇಕಾದ ಗುಣಮಟ್ಟ ಇಲ್ಲದಿದ್ದರೆ, ಅಥವಾ ಅಲಕ್ಷ್ಯದಿಂದ ಗ್ರಾಹಕರಿಗೆ ನಷ್ಟವಾದರೆ, ಅದು ‘ಸೇವಾ ನ್ಯೂನತೆ’. ಸೇವೆಗೆ ನೀವು ಕೊಟ್ಟ ಮೊತ್ತ 50 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರು ಜಿಲ್ಲಾ ಆಯೋಗಕ್ಕೇ ಸೇರುತ್ತದೆ, ಮತ್ತು ಆ ಮೊತ್ತ 5 ಲಕ್ಷವನ್ನು ದಾಟದಿದ್ದರೆ ಶುಲ್ಕವೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಕೇಳುವ 92,000 ಅಲ್ಲ, ಗ್ಯಾರೇಜಿಗೆ ಕೊಟ್ಟ 4,800 ರೂಪಾಯಿ. ದೂರನ್ನು ನೀವೇ ಬರೆದು, ನೀವೇ ನಿಂತು ವಾದಿಸಬಹುದು. ವಕೀಲರು ಬೇಕೇ ಬೇಕು ಎಂಬ ನಿಯಮವಿಲ್ಲ. ಸಿವಿಲ್ ದಾವೆಯ ದಾರಿಯೂ ತೆರೆದಿದೆ, ಆದರೆ ಅಲ್ಲಿ ದಾವೆಯ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು ಮತ್ತು ವಿಚಾರಣೆ ಹೆಚ್ಚು ದೀರ್ಘವಾಗುತ್ತದೆ. ಇಷ್ಟು ಮೊತ್ತಕ್ಕೆ ಆ ದಾರಿಯನ್ನು ನಾನು ಸೂಚಿಸುವುದಿಲ್ಲ.

ಈಗ ಸಾಕ್ಷ್ಯದ ಮಾತು. ಸೇವೆಯಲ್ಲಿ ನ್ಯೂನತೆ ಇತ್ತು ಎಂದು ಸಾಬೀತುಪಡಿಸುವ ಹೊಣೆ ದೂರುದಾರರದ್ದೇ; 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ‘ಸರ್ವಿಸ್ ಮಾಡಿಸಿದೆ, ಆಮೇಲೆ ಕೆಟ್ಟಿತು’ ಎಂಬಷ್ಟೇ ಹೇಳಿಕೆ ಸಾಲದು. ಆ ಕೆಲಸದಿಂದಲೇ ಕೆಟ್ಟಿತು ಎಂಬ ಕೊಂಡಿಯನ್ನು ತೋರಿಸಬೇಕು. ವಾಹನ ರಿಪೇರಿಯ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಕೊಂಡಿ ಇಲ್ಲದೆ, ಗ್ರಾಹಕರಿಗೆ ಅನ್ಯಾಯವಾಗಿರಲಿಲ್ಲ ಎಂಬ ಕಾರಣಕ್ಕಲ್ಲ. ನಿಮ್ಮ ಪ್ರಕರಣದಲ್ಲಿ ಈ ಕೊಂಡಿ ಬಲವಾಗಿರುವ ಸಾಧ್ಯತೆ ಇದೆ, ಏಕೆಂದರೆ ಆಯಿಲ್ ಬದಲಿಸುವವರು ಕೈ ಹಾಕಲೇಬೇಕಾದ ಜಾಗವೇ ಆ ನಟ್. ಹಳೆಯ ಆಯಿಲ್ ಇಳಿಸಲು ಅದನ್ನು ಬಿಚ್ಚುತ್ತಾರೆ, ಪೂರ್ತಿ ಇಳಿದ ಮೇಲೆ ವಾಷರ್ ಹಾಕಿ ತಿರುಗಿ ಬಿಗಿಯುತ್ತಾರೆ. ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಪಾನಾ ಹಾಕುವುದನ್ನು ಮರೆತರೆ ಗಾಡಿ ಆ ಕ್ಷಣಕ್ಕೆ ಸೋರುವುದಿಲ್ಲ. ಇಂಜಿನ್ನಿನ ನಡುಕಕ್ಕೆ ನಟ್ ಸ್ವಲ್ಪ ಸ್ವಲ್ಪವೇ ಸಡಿಲಾಗಿ, ಒಂದೆರಡು ದಿನ ಊರಲ್ಲಿ ಓಡಾಡಿದ ಮೇಲೆ ಹೆದ್ದಾರಿಯ ವೇಗದಲ್ಲಿ ಕಳಚಿ ಬೀಳುತ್ತದೆ. ಆಯಿಲ್ ಇಲ್ಲದೆ ತಿರುಗುವ ಕ್ರ್ಯಾಂಕಿನ ಬೇರಿಂಗುಗಳು ಕೆಲವೇ ನಿಮಿಷಗಳಲ್ಲಿ ಸುಟ್ಟು ಹಿಡಿದುಕೊಳ್ಳುತ್ತವೆ. ನೀವು ಬರೆದ ಘಟನಾವಳಿ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಎದುರುದಾರರು, ಅಂದರೆ ಗ್ಯಾರೇಜಿನವರು, ಕಲ್ಲಿನ ಮಾತು ಎತ್ತಿದ್ದಾರಲ್ಲ, ಅದಕ್ಕೆ ಉತ್ತರ ಚೇಂಬರಿನಲ್ಲೇ ಸಿಗುತ್ತದೆ. ನಟ್ಟನ್ನು ಹೊಡೆದು ಬೀಳಿಸುವಷ್ಟು ದೊಡ್ಡ ಕಲ್ಲು ಬಡಿದಿದ್ದರೆ ಚೇಂಬರಿನ ಮೇಲೆ ತಗ್ಗು, ಗೀರು ಅಥವಾ ಬಿರುಕು ಇರಲೇಬೇಕು, ರಂಧ್ರದ ಒಳಗಿನ ಮರೆಗಳು (ನಟ್ ತಿರುಗಿ ಕೂರುವ ಸುರುಳಿ ಗೆರೆಗಳು) ಒಂದು ಪಕ್ಕಕ್ಕೆ ಹರಿದಿರಬೇಕು. ಮರೆಗಳು ಸುತ್ತಲೂ ನೆಟ್ಟಗಿದ್ದು ಚೇಂಬರಿನ ಮೇಲೆ ಹೊಡೆತದ ಗುರುತೇ ಇಲ್ಲದಿದ್ದರೆ, ನಟ್ ತಾನಾಗಿ ತಿರುಗಿ ಕಳಚಿದೆ ಎಂದರ್ಥ, ಅಂದರೆ ಅದನ್ನು ಬಿಗಿದೇ ಇರಲಿಲ್ಲ. ಮರೆಗಳು ಸುತ್ತಲೂ ಸವೆದು ಕಿತ್ತುಬಂದಿದ್ದರೆ ಅದು ವಿಪರೀತ ಬಿಗಿದದ್ದರ ಗುರುತು. ಆ ಹಾನಿ ಈ ಸಲದ್ದೋ ಹಿಂದಿನ ಯಾವುದೋ ಸರ್ವಿಸಿನದ್ದೋ ಎಂಬ ವಾದ ಆಗ ಏಳಬಹುದು. ಆದರೂ ಹಾಳಾದ ಮರೆಗಳನ್ನು ಕಂಡು ಗ್ರಾಹಕರಿಗೆ ತಿಳಿಸದೆ ಗಾಡಿ ಕೊಟ್ಟದ್ದು ತಪ್ಪೇ.

ಈ ಗುರುತುಗಳನ್ನು ದಾಖಲಿಸುವ ಕೆಲಸವನ್ನು ಈ ವಾರವೇ ಮಾಡಿಸಿರಿ. ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ, ನೋಂದಣಿ ಸಂಖ್ಯೆ ಮತ್ತು ಚೇಂಬರ್ ಒಂದೇ ಓಟದಲ್ಲಿ ಕಾಣುವಂತೆ ವಿಡಿಯೊ ತೆಗೆಸಿರಿ. ರಂಧ್ರದ ಹತ್ತಿರದ ಚಿತ್ರಗಳನ್ನೂ ಕಿಲೋಮೀಟರ್ ಮೀಟರಿನ ಚಿತ್ರವನ್ನೂ ತೆಗೆಸಿರಿ. ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ‘ಇಂಜಿನ್ ಜಾಮ್ ಆಗಿದೆ’ ಎಂದಷ್ಟೇ ಬರೆದಿದ್ದರೆ ಸಾಲದು, ‘ಡ್ರೈನ್ ನಟ್ ಇಲ್ಲ, ಆಯಿಲ್ ಇಲ್ಲ, ಚೇಂಬರಿನ ಮೇಲೆ ಹೊಡೆತದ ಗುರುತು ಇದೆ’ ಅಥವಾ ‘ಇಲ್ಲ’ ಎಂದು ಕಂಡದ್ದನ್ನು ಕಂಡಂತೆ ಬರೆಯಿಸಿ ಸಹಿ, ಮೊಹರು ಪಡೆಯಿರಿ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಪರವಾನಗಿ ಪಡೆದ ವಾಹನ ಸರ್ವೇಯರ್ ಒಬ್ಬರಿಂದ ತಪಾಸಣೆ ಮಾಡಿಸಿ ವರದಿ ಪಡೆಯುವುದು ಬಹಳ ಉಪಯುಕ್ತ. ವಿಮಾ ಕಂಪನಿಗಳಿಗೆ ನಷ್ಟ ಅಂದಾಜಿಸಿಕೊಡುವ ಇಂಥವರು ಖಾಸಗಿಯಾಗಿಯೂ ವರದಿ ಕೊಡುತ್ತಾರೆ, ಅದನ್ನು ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಜೊತೆಗೆ ಸಲ್ಲಿಸಬಹುದು. ಹೊಸ ರಿಪೇರಿಯ ಲಾಭ ಸರ್ವಿಸ್ ಸೆಂಟರಿಗೇ ಆಗುವುದರಿಂದ ಅವರ ಮಾತನ್ನು ಎದುರುದಾರರು ಪ್ರಶ್ನಿಸುತ್ತಾರೆ; ಯಾವ ಕಡೆಯ ಲಾಭವೂ ಇಲ್ಲದ ಮೂರನೆಯವರ ವರದಿಗೆ ಹೆಚ್ಚು ತೂಕ ಬರುವುದು ಇದಕ್ಕೇ.

ಈ ತಪಾಸಣೆಗೆ ಗ್ಯಾರೇಜಿನವರನ್ನೂ ಕರೆಯಿರಿ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕಡೆ ತಪಾಸಣೆ ನಡೆಯಲಿದೆ, ನಂತರ ಇಂಜಿನ್ ಬಿಚ್ಚಲಾಗುವುದು, ನೀವು ಅಥವಾ ನಿಮ್ಮ ಪ್ರತಿನಿಧಿ ಬಂದು ನೋಡಬಹುದು’ ಎಂದು ವಾಟ್ಸ್‌ಆ್ಯಪಿನಲ್ಲೂ ಪತ್ರದಲ್ಲೂ ತಿಳಿಸಿರಿ. ಬಂದರೆ ಅವರ ಮುಂದೆಯೇ ಸತ್ಯ ಕಾಣುತ್ತದೆ. ಬಾರದಿದ್ದರೆ, ತಮ್ಮ ಬೆನ್ನ ಹಿಂದೆ ಏನೋ ನಡೆಯಿತು ಎಂದು ಮುಂದೆ ಹೇಳಲು ಅವರಿಗೆ ಅವಕಾಶ ಉಳಿಯುವುದಿಲ್ಲ. ಎದುರುದಾರರ ಮಟ್ಟಿಗೂ ಇದು ನ್ಯಾಯವಾದ ನಡೆ. ಗ್ಯಾರೇಜು ನಡೆಸುವವರೂ ದುಡಿದು ತಿನ್ನುವವರು. ತಮ್ಮದಲ್ಲದ ತಪ್ಪಿಗೆ ಅವರು ತೊಂಬತ್ತು ಸಾವಿರ ತೆರುವಂತಾಗಬಾರದು ಎಂಬುದನ್ನು ನಾವೂ ಮರೆಯಬಾರದು.

ಬಿಲ್ ಇಲ್ಲ ಎಂದು ಹಿಂಜರಿಯಬೇಡಿರಿ. ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದನ್ನು 2019ರ ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ಗಳ ಸಾಲಿನಲ್ಲಿ ಸೇರಿಸಿದೆ, ಇದನ್ನು ದೂರಿನಲ್ಲಿ ಪ್ರತ್ಯೇಕ ಅಂಶವಾಗಿಯೇ ಬರೆಯಿರಿ. ಹಣ ಕಳಿಸಿದ ಯುಪಿಐ ದಾಖಲೆ, ಅದರೊಂದಿಗೆ ಹೊಂದುವ ಬ್ಯಾಂಕಿನ ಪಟ್ಟಿ, ‘ಗಾಡಿ ರೆಡಿ ಐತಿ, ಬರ್ರಿ’ ಎಂಬಂಥ ಸಂದೇಶಗಳು, ಕರೆಗಳ ವಿವರ ಇವೆಲ್ಲ ಸೇರಿ ಬಿಲ್ಲಿನ ಕೊರತೆಯನ್ನು ತುಂಬುತ್ತವೆ. ಸಂದೇಶಗಳನ್ನು ಮುದ್ರಿಸಿ ಸಲ್ಲಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ, ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಬೇಕಾಗುವ ಪ್ರಮಾಣಪತ್ರವನ್ನು ಜೊತೆಗಿಟ್ಟರೆ ಆಕ್ಷೇಪಣೆಗೆ ಆಸ್ಪದವಿರುವುದಿಲ್ಲ. ಮೂಲ ಸಂದೇಶಗಳಿರುವ ಫೋನನ್ನು ಪ್ರಕರಣ ಮುಗಿಯುವವರೆಗೆ ಮಾರಬೇಡಿರಿ, ಸಂದೇಶಗಳನ್ನು ಅಳಿಸಲೂ ಬೇಡಿರಿ.

ನಿಮ್ಮ ಪತ್ರದಲ್ಲಿ ಎದುರುದಾರರು ಹಿಡಿಯಬಹುದಾದ ಒಂದು ಎಳೆ ಇದೆ. ಕೆಂಪು ಆಯಿಲ್ ದೀಪ ಹತ್ತಿದ ಮೇಲೂ ಗಾಡಿ ಓಡಿಸಿದ್ದರಿಂದಲೇ ಇಂಜಿನ್ ಹೋಯಿತು ಎಂದು ಅವರು ಖಂಡಿತ ಹೇಳುತ್ತಾರೆ. ದೀಪ ಹತ್ತಿದ್ದನ್ನು ಕಂಡ ಕೂಡಲೇ ನಿಲ್ಲಿಸಲು ಯತ್ನಿಸಿದಿರಿ ಎಂಬುದನ್ನು, ಕಾರಿನಲ್ಲಿ ಜೊತೆಗಿದ್ದವರ ಅಫಿಡವಿಟ್ ಸಹಿತ, ನಡೆದದ್ದು ನಡೆದಂತೆ ಬರೆಯಿರಿ. ಇದರಲ್ಲಿ ಒಂದು ಮಾತೂ ಹೆಚ್ಚುಕಡಿಮೆ ಆಗಕೂಡದು, ಏಕೆಂದರೆ ಇಡೀ ದೂರಿನ ವಿಶ್ವಾಸಾರ್ಹತೆ ನಿಲ್ಲುವುದು ಇಲ್ಲೇ.

ಪರಿಹಾರವಾಗಿ ಏನು ಕೇಳಬೇಕು? ಸರ್ವಿಸಿಗೆ ಕೊಟ್ಟ ಹಣ, ಇಂಜಿನ್ ಕೆಲಸಕ್ಕೆ ನಿಜವಾಗಿ ತಗುಲುವ ವೆಚ್ಚ, ಗಾಡಿ ಎಳೆಸಿದ ಖರ್ಚು, ಸರ್ವೇಯರ್ ಶುಲ್ಕ, ರಸೀದಿ ಇರುವಷ್ಟು ಬದಲಿ ಪ್ರಯಾಣದ ಖರ್ಚು. ಇವುಗಳ ಜೊತೆಗೆ ಮಾನಸಿಕ ಯಾತನೆಗೆ ಮತ್ತು ಪ್ರಕರಣದ ವೆಚ್ಚಕ್ಕೆ ಮಿತವಾದ ಮೊತ್ತ. ಮಾನಸಿಕ ಯಾತನೆಗೆಂದು 5 ಲಕ್ಷ ಬರೆಯುವವರಿದ್ದಾರೆ, ಅದರಿಂದ ದೂರಿನ ಗಾಂಭೀರ್ಯ ಕುಗ್ಗುತ್ತದೆಯೇ ಹೊರತು ಪರಿಹಾರ ಹೆಚ್ಚುವುದಿಲ್ಲ. ನಿಮ್ಮ ಕಾರು ಹಳೆಯದಾದ್ದರಿಂದ ಹೊಸ ಇಂಜಿನ್ನಿನ ಪೂರ್ತಿ ಬೆಲೆಯನ್ನು ಆಯೋಗ ಕೊಡಿಸುವ ಸಂಭವ ಕಡಿಮೆ. ಇದ್ದ ಇಂಜಿನ್ನನ್ನೇ ತಿರುಗಿ ಕಟ್ಟಿಸುವ ವೆಚ್ಚ ಕೇಳುವುದು ನ್ಯಾಯಕ್ಕೂ ಹೊಂದುತ್ತದೆ, ದಕ್ಕುವ ಸಾಧ್ಯತೆಯೂ ಹೆಚ್ಚು. ವಿಮೆಯ ಮೇಲೆ ಭರವಸೆ ಇಡಬೇಡಿರಿ. ಸಾಮಾನ್ಯ ವಾಹನ ವಿಮೆ ಯಾಂತ್ರಿಕ ವೈಫಲ್ಯವನ್ನು ಒಳಗೊಳ್ಳುವುದಿಲ್ಲ.

ದೂರಿಗೆ ಮೊದಲು ನೋಟಿಸ್ ಕಳಿಸುವುದು ಕಡ್ಡಾಯವಲ್ಲ, ಆದರೂ ಕಳಿಸಿರಿ. ಒಂದೂವರೆ ಪುಟ ಸಾಕು: ಯಾವ ದಿನ ಏನು ಕೆಲಸ ಮಾಡಿಸಿದಿರಿ, ಏನಾಯಿತು, ತಪಾಸಣೆಯಲ್ಲಿ ಏನು ಕಂಡಿತು, ಎಷ್ಟು ಕೊಡಬೇಕು, ಹದಿನೈದು ದಿನದೊಳಗೆ ಕೊಡದಿದ್ದರೆ ಆಯೋಗಕ್ಕೆ ಹೋಗುವಿರಿ ಎಂಬುದು. ಬೈಗುಳ, ಬೆದರಿಕೆ ಬೇಡ. ತಲುಪಿದ ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿರಿ. ನೋಟಿಸ್ ಮುಟ್ಟಿದ ಮೇಲೆ ಮಾತುಕತೆಗೆ ಬರುವ ಗ್ಯಾರೇಜಿನವರೂ ಇದ್ದಾರೆ. ಬಂದರೆ ಒಪ್ಪಂದವನ್ನು ಬರಹದಲ್ಲಿ ಮಾಡಿಕೊಳ್ಳಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದೂ ಒಂದು ಉಪಾಯ, ಆದರೆ ಅದು ರಾಜಿ ಯತ್ನವಷ್ಟೇ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ.

ದೂರಿನಲ್ಲಿ ಗ್ಯಾರೇಜಿನ ಫಲಕದ ಹೆಸರನ್ನಷ್ಟೇ ಬರೆದರೆ ನಾಳೆ ಆದೇಶ ಜಾರಿ ಮಾಡಿಸುವಾಗ ತೊಡಕಾಗುತ್ತದೆ. ಮಾಲೀಕರ ಹೆಸರು ಬೇಕು. ಪಾಲಿಕೆಯ ಟ್ರೇಡ್ ಲೈಸೆನ್ಸಿನಲ್ಲಿ, ಹಣ ಸಂದಾಯವಾದ ಖಾತೆಯಲ್ಲಿ ಅದು ಸಿಗುತ್ತದೆ. ಕೆಲಸ ಮಾಡಿದ ಹುಡುಗ ಬೇರೆ, ಮಾಲೀಕರು ಬೇರೆ ಎಂಬ ಮಾತು ನಿಲ್ಲುವುದಿಲ್ಲ. ಕೆಲಸಗಾರನ ಅಲಕ್ಷ್ಯಕ್ಕೆ ಮಾಲೀಕರೇ ಹೊಣೆ. ಆ ಹುಡುಗನನ್ನು ಎದುರುದಾರನನ್ನಾಗಿ ಮಾಡಬೇಡಿರಿ ಎಂಬುದು ನನ್ನ ಕಳಕಳಿಯ ಸಲಹೆ. ದಿನಗೂಲಿಯ ಹುಡುಗನಿಂದ ನಿಮಗೆ ಬರುವುದೇನೂ ಇಲ್ಲ.

ಆಯೋಗದಲ್ಲಿ ನಡೆಯುವ ಕ್ರಮ ಕಠಿಣವಲ್ಲ. ದೂರನ್ನು ಅಂಗೀಕರಿಸಬೇಕೇ ಎಂಬುದನ್ನು ಸಾಮಾನ್ಯವಾಗಿ 21 ದಿನದೊಳಗೆ ತೀರ್ಮಾನಿಸಬೇಕು. ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಈ 45 ದಿನದ ಗಡಿಯನ್ನು ಆಯೋಗ ದಾಟಿಸಲಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ, 1986ರ ಹಳೆಯ ಗ್ರಾಹಕ ಕಾಯ್ದೆಯ ಇದೇ ಬಗೆಯ ನಿಯಮದ ಕುರಿತು, ತೀರ್ಪು ಕೊಟ್ಟಿದೆ. ನಂತರ ಎರಡೂ ಕಡೆಯ ಅಫಿಡವಿಟ್, ದಾಖಲೆ, ವಾದ. ರಾಜಿಗೆ ಅವಕಾಶ ಕಂಡರೆ ಆಯೋಗವೇ ಮಧ್ಯಸ್ಥಿಕೆಗೆ ಕಳಿಸಬಹುದು, ಅದಕ್ಕೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಕಾಯ್ದೆ ಹೇಳುವ ಅವಧಿ ಮೂರು ತಿಂಗಳು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂಬ ಸಿದ್ಧತೆಯಲ್ಲಿರಿ. ಆದೇಶ ನಿಮ್ಮ ಪರವಾದ ಮೇಲೆ ಎದುರುದಾರರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶಿಸಿದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯನ್ನೂ ಹೋಗದೆ, ಹಣವನ್ನೂ ಕೊಡದೆ ಕುಳಿತರೆ 72ನೆಯ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಪ್ರಶ್ನೆ: ಗದಗದ ಒಂದು ಗ್ಯಾರೇಜಿಗೆ ಗೇರ್ ಬಾಕ್ಸ್ ರಿಪೇರಿಗೆಂದು ಕಾರು ಬಿಟ್ಟು ತಿಂಗಳುಗಳಾದವು. 18,000 ರೂಪಾಯಿ ಎಂದು ಹೇಳಿದವರು ಈಗ 41,000 ಕೇಳುತ್ತಿದ್ದಾರೆ, ಪೂರ್ತಿ ಕೊಡದೆ ಗಾಡಿ ಬಿಡುವುದಿಲ್ಲ ಎನ್ನುತ್ತಾರೆ. ಹಾಗೆ ಹಿಡಿದಿಟ್ಟುಕೊಳ್ಳಲು ಅವರಿಗೆ ಹಕ್ಕಿದೆಯೇ? ನಾನು ಒಬ್ಬಳೇ ಓಡಾಡಬೇಕಾದ ಗೃಹಿಣಿ.
– ಓದುಗರು, ಗದಗ

ಉತ್ತರ: ತಾಯಿ, ಅವರಿಗೆ ಒಂದು ಸೀಮಿತ ಹಕ್ಕಿದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 170ನೆಯ ಕಲಮಿನ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದವರು, ಆ ಕೆಲಸದ ಸಂಬಳ ಸಿಗುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಆದರೆ ಕೆಲಸವನ್ನು ಒಪ್ಪಂದದಂತೆ ಮುಗಿಸಿರಬೇಕು, ಕೇಳುವ ಹಣವೂ ಆ ಕೆಲಸದ್ದೇ ಆಗಿರಬೇಕು. ನೀವು ಒಪ್ಪದ ಹೆಚ್ಚುವರಿ ಕೆಲಸಕ್ಕೆ, ಅಥವಾ ತಾವೇ ತಡಮಾಡಿ ಹಾಕಿದ ಪಾರ್ಕಿಂಗ್ ಬಾಡಿಗೆಗೆ ಆ ಹಕ್ಕನ್ನು ಚಾಚಲಾಗದು. ಒಪ್ಪಿದ ಅವಧಿ ದಾಟಿದ ಮೇಲೆ ಅವರ ತಪ್ಪಿನಿಂದ ಗಾಡಿ ಅಲ್ಲೇ ಉಳಿದು ಹಾನಿಯಾದರೆ ಅದೇ ಕಾಯ್ದೆಯ 161ನೆಯ ಕಲಮಿನಡಿ ಅವರೇ ಹೊಣೆಗಾರರು.

ಬಲವಂತದಿಂದ ಗಾಡಿ ತರಲು ಹೋಗಬೇಡಿರಿ. ಯಾವ ಬಿಡಿಭಾಗ ಹಾಕಿದರು, ಅದರ ಖರೀದಿ ರಸೀದಿ ಎಲ್ಲಿದೆ ಎಂದು ಬರಹದಲ್ಲಿ ಕೇಳಿರಿ, ತೆಗೆದ ಹಳೆಯ ಭಾಗಗಳನ್ನು ತೋರಿಸಲು ಹೇಳಿರಿ. ಹೊಸ ಭಾಗ ಹಾಕಿದ್ದು ನಿಜವಾದರೆ ಹಳೆಯದು ಅವರ ಹತ್ತಿರ ಇರಬೇಕಲ್ಲವೇ? ಒಪ್ಪಿದ 18,000 ಕೊಡಲು ಸಿದ್ಧ ಎಂಬುದನ್ನು ಅದೇ ಪತ್ರದಲ್ಲಿ ಬರೆಯಿರಿ. ಗಾಡಿ ತುರ್ತಾಗಿ ಬೇಕಾಗಿದ್ದು ಉಳಿದ ಹಣವನ್ನೂ ಕೊಡಲೇಬೇಕಾಗಿ ಬಂದರೆ, ‘ಆಕ್ಷೇಪಣೆ ಕಾಯ್ದಿರಿಸಿ ಕೊಡುತ್ತಿದ್ದೇನೆ’ ಎಂದು ಕೊಡುವ ಮೊದಲೇ ಸಂದೇಶದಲ್ಲಿ ತಿಳಿಸಿ, ಯುಪಿಐ ಮೂಲಕವೇ ಕೊಡಿರಿ. ನಂತರ ಹೆಚ್ಚಿನ ಮೊತ್ತವನ್ನು ಆಯೋಗದ ಮೂಲಕ ಮರಳಿ ಕೇಳಬಹುದು. ಅದಾಗದಿದ್ದರೆ ದೂರಿನ ಜೊತೆಗೇ ಗಾಡಿ ಬಿಡಿಸಿಕೊಡುವಂತೆ ಗ್ರಾಹಕರ ಸಂರಕ್ಷಣಾ ಕಾಯ್ದೆಯ 38ನೆಯ ಕಲಮಿನಡಿ ಮಧ್ಯಂತರ ಆದೇಶ ಕೋರಿರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ, ದೂರಿಗೆ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿಗೂ ಯತ್ನಿಸುತ್ತಾರೆ. ಸಹಾಯವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದರ ಮೇಲೆ ಮೇಲ್ಮನವಿ ಇಲ್ಲ, ಆದ್ದರಿಂದ ಸಹಿ ಮಾಡುವ ಮೊದಲು ಮೊತ್ತವನ್ನೂ ಗಾಡಿ ಕೊಡುವ ದಿನವನ್ನೂ ಸ್ಪಷ್ಟವಾಗಿ ಬರೆಯಿಸಿಕೊಳ್ಳಿರಿ.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಸಣ್ಣ ಗೂಡ್ಸ್ ಗಾಡಿ ನನ್ನದು, ನಾನೇ ಓಡಿಸುತ್ತೇನೆ. ಹೊಸ ಕ್ಲಚ್ ಪ್ಲೇಟ್ ಹಾಕಿಸಿದ ಮೇಲೂ ಸುಗ್ಗಿಯ ದಿನಗಳಲ್ಲೇ ಗಾಡಿ ನಿಂತಿತು. ಬಾಡಿಗೆ ಗಾಡಿಯವರು ಗ್ರಾಹಕರಲ್ಲ ಎನ್ನುತ್ತಾರಲ್ಲ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಎಂಬುದು ನಿಜ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವುದನ್ನು ಮಾತ್ರ ಕಾಯ್ದೆ ವಾಣಿಜ್ಯ ಎಂದು ಪರಿಗಣಿಸುವುದಿಲ್ಲ. ಹಳೆಯ ಕಾಯ್ದೆಯ ಈ ವಿವರಣೆಯಲ್ಲಿ ಸರಕು ಮತ್ತು ಸೇವೆ ಎರಡೂ ಇದ್ದವು. 2019ರ ಕಾಯ್ದೆಯಲ್ಲಿ ಸರಕಿನ ಮಾತಷ್ಟೇ ಇದೆ. ಆದ್ದರಿಂದ ಎದುರುದಾರರು ಈ ತಕರಾರು ತೆಗೆಯುವರೆಂದು ತಿಳಿದೇ ದೂರು ಬರೆಯಿರಿ. ಗಾಡಿ ನಿಮ್ಮ ಹೆಸರಿನಲ್ಲೇ ಇದೆ, ನೀವೇ ಓಡಿಸುತ್ತೀರಿ, ಬೇರೆ ಚಾಲಕನಿಲ್ಲ, ಮನೆ ನಡೆಯುವುದು ಇದರಿಂದಲೇ ಎಂಬುದನ್ನು ದೂರಿನ ಮೊದಲ ಪ್ಯಾರಾದಲ್ಲೇ ಹೇಳಿ, ಆರ್‌ಸಿ, ಲೈಸೆನ್ಸ್ ಮತ್ತು ಸಾಲದ ಕಂತಿನ ದಾಖಲೆ ಲಗತ್ತಿಸಿರಿ. ಕ್ಲಚ್ ಪ್ಲೇಟನ್ನು ನೀವೇ ಬಿಡಿಭಾಗಗಳ ಅಂಗಡಿಯಿಂದ ಕೊಂಡಿದ್ದರೆ ಅಂಗಡಿಯವರನ್ನೂ ಸೇರಿಸಿರಿ. ಪ್ಲೇಟೇ ಕಳಪೆಯೋ, ಕೂರಿಸಿದ ರೀತಿ ತಪ್ಪೋ ಎಂಬುದು ಬಿಚ್ಚಿದ ಪ್ಲೇಟನ್ನು ನೋಡಿಯೇ ತಿಳಿಯಬೇಕು, ಅದನ್ನು ಗುಜರಿಗೆ ಹಾಕಬೇಡಿರಿ. ನಿಂತ ದಿನಗಳ ಬಾಡಿಗೆ ನಷ್ಟ ಕೇಳುವುದಾದರೆ ಹಿಂದಿನ ಸುಗ್ಗಿಯ ಬಾಡಿಗೆ ಚೀಟಿಗಳನ್ನೂ ಅಡತಿ ಅಂಗಡಿಯವರ ಲೆಕ್ಕವನ್ನೂ ಜೋಡಿಸಿರಿ. ಗಾಡಿ ನಿಂತ ದಿನದಿಂದ ಎರಡು ವರ್ಷದೊಳಗೆ ಹಾವೇರಿಯ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬೇಕು. ರಿಪೇರಿ ಹುಬ್ಬಳ್ಳಿಯಲ್ಲಿ ಆಗಿದ್ದರೂ ನಿಮ್ಮ ವಾಸದ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆಯ 34ನೆಯ ಕಲಮು ಅವಕಾಶ ಕೊಟ್ಟಿದೆ.